ಕಾಲಿಟ್ಟ ನೆಲ ಯಾರದು? ಚಾರಣದ ಗಡಿ ದಾಟಿದರೆ ಅನ್ವಯಿಸುವ ಕಾನೂನು, ಶಿಕ್ಷೆ

ವಿಜಯಪುರ: ಈ ನಗರದಿಂದ ಯಾವ ದಿಕ್ಕಿಗೆ ಹೊರಟರೂ ಮೊದಲು ಎದುರಾಗುವುದು ಬಯಲು. ತಿಕೋಟಾದ ದ್ರಾಕ್ಷಿ ತೋಟಗಳನ್ನು ದಾಟಿ ಹೋಗಲಿ, ಬಬಲೇಶ್ವರದ ಎರೆ ಹೊಲಗಳ ನಡುವೆ ಸಾಗಲಿ, ಏರಿ ನಿಲ್ಲಲು ಒಂದು ಬೆಟ್ಟ ಸಿಗುವುದಿಲ್ಲ. ಊರಿನಲ್ಲಿ ಎತ್ತರವೆಂದರೆ ಗೋಳಗುಮ್ಮಟ ಮತ್ತು ಉಪ್ಪಲಿ ಬುರುಜು. ಆದ್ದರಿಂದಲೇ ಇಲ್ಲಿನ ಯುವಕರಿಗೆ ಸಹ್ಯಾದ್ರಿಯ ಸೆಳೆತ ಹೆಚ್ಚು. ಮುಂಗಾರು ಹಿಡಿದೊಡನೆ ಶನಿವಾರ ರಾತ್ರಿ ವಾಹನ ಗೊತ್ತುಮಾಡಿಕೊಂಡು ಕ್ಯಾಸಲ್‌ರಾಕ್, ದಾಂಡೇಲಿ, ಖಾನಾಪುರದ ಕಾಡುಗಳತ್ತ ಹೊರಡುವ ತಂಡಗಳು ಈ ಬಯಲುಸೀಮೆಯಲ್ಲಿ ಹೊಸತೇನಲ್ಲ.

ಊಟ, ರೇನ್‌ಕೋಟು, ಟಾರ್ಚು ಎಲ್ಲವನ್ನೂ ಹೊಂದಿಸಿಕೊಳ್ಳುವ ಈ ತಂಡಗಳು ವಿಚಾರಿಸದೆ ಬಿಡುವ ಪ್ರಶ್ನೆಯೊಂದಿದೆ. ತಾವು ನಡೆಯಲಿರುವ ನೆಲ ಯಾರ ಅಧೀನದಲ್ಲಿದೆ? ಅನುಮತಿ ಇರುವ ದಾರಿ ಎಲ್ಲಿಗೆ ಮುಗಿಯುತ್ತದೆ, ಮುಗಿದ ಮೇಲೆ ಒಂದು ಹೆಜ್ಜೆ ಮುಂದಿಟ್ಟರೆ ಏನಾಗುತ್ತದೆ? ಉತ್ತರ ಒಂದೇ ಕಾಯ್ದೆಯಲ್ಲಿ ಸಿಗುವುದಿಲ್ಲ. ಅದೇ ತಪ್ಪು ಒಂದು ಕಡೆ ಐನೂರು ರೂಪಾಯಿ ದಂಡದಲ್ಲಿ ಮುಗಿದರೆ ಇನ್ನೊಂದು ಕಡೆ ಮೂರು ವರ್ಷದ ಸೆರೆವಾಸಕ್ಕೆ ದಾರಿಯಾಗಬಲ್ಲದು. ವ್ಯತ್ಯಾಸವನ್ನು ನಿರ್ಧರಿಸುವುದು ಕಾಲಿಟ್ಟ ನೆಲ.

ಹಿಮದ ನಾಡಿನ ಗಡಿ, ನಮ್ಮ ನಾಡಿನ ಗಡಿ

ಸಾಹಸ ಕ್ರೀಡೆಗಳಲ್ಲಿ ಗಡಿಯ ಪ್ರಶ್ನೆ ಹೆಚ್ಚು ಚರ್ಚೆಯಾಗಿರುವುದು ಹಿಮದ ಮೇಲೆ ಜಾರುವ ಸ್ಕೀಯಿಂಗ್‌ನಲ್ಲಿ. ಅಮೆರಿಕದ ಕೊಲರಾಡೊ ರಾಜ್ಯ 1979ರಲ್ಲಿಯೇ ಇದಕ್ಕಾಗಿ ಪ್ರತ್ಯೇಕ ಸುರಕ್ಷತಾ ಕಾನೂನು ಮಾಡಿತು. ಅಲ್ಲಿ ‘ಮುಚ್ಚಲಾಗಿದೆ’ ಎಂಬ ಫಲಕವಿರುವ ಇಳಿಜಾರಿಗೆ ಹಗ್ಗದ ಕೆಳಗೆ ನುಸುಳಿ ಹೋಗುವುದು ದಂಡನಾರ್ಹ ಅಪರಾಧ. ಆದರೆ ರೆಸಾರ್ಟಿನ ಅಂಚಿನಲ್ಲಿ ತೆರೆದಿಟ್ಟ ಗೇಟಿನ ಮೂಲಕ ಆಚೆಯ ಸಾರ್ವಜನಿಕ ಅರಣ್ಯಭೂಮಿಗೆ ಹೋಗುವುದು ಅಪರಾಧವಲ್ಲ. ಅಲ್ಲಿಂದ ಮುಂದಿನ ಹೊಣೆ ಹೋಗುವವರದೇ, ಅಷ್ಟೆ. ನಮ್ಮ ದೇಶದ ಗುಲ್ಮಾರ್ಗ್‌ನಲ್ಲಿಯೂ ಗೊಂಡೊಲಾ ಹತ್ತಿ ಅಫರ್ವತ್ ಶಿಖರದ ಸಮೀಪ ಇಳಿದವರು ಕಾವಲು ಪಡೆಯ ನಿಗಾ ಇರುವ ಪ್ರದೇಶವನ್ನು ಬಿಟ್ಟು ಆಚೆಯ ಇಳಿಜಾರುಗಳಿಗೆ ಹೋಗುವುದುಂಟು. ಅದರ ಬೆಲೆ ಕಡಿಮೆಯದಲ್ಲ. 2023ರ ಫೆಬ್ರುವರಿ 1ರಂದು ಅಲ್ಲಿ ಹಿಮಕುಸಿತಕ್ಕೆ ಸಿಕ್ಕು ಪೋಲೆಂಡಿನ ಇಬ್ಬರು ಸತ್ತರು. 2024ರ ಫೆಬ್ರುವರಿ 22ರಂದು ರಷ್ಯಾದ ಒಬ್ಬರು ಮೃತಪಟ್ಟರು. ಆ ತಂಡ ಸ್ಥಳೀಯರನ್ನು ಜತೆಗೆ ಕರೆದೊಯ್ದಿರಲಿಲ್ಲವೆಂದು ಆಗ ವರದಿಯಾಗಿತ್ತು.

ಹಿಮದ ನಾಡಿನಲ್ಲಿ ಗಡಿಯೆಂದರೆ ಬಹುಮಟ್ಟಿಗೆ ಹೊಣೆಗಾರಿಕೆ ಬದಲಾಗುವ ಜಾಗ. ಕರ್ನಾಟಕದ ಕಾಡಿನಲ್ಲಿ ಹಾಗಲ್ಲ. ಇಲ್ಲಿ ಗಡಿಯೆಂದರೆ ಕಾನೂನು ಬದಲಾಗುವ ಜಾಗ. ‘ಏನಾದರೂ ಆದರೆ ನಾವೇ ಹೊಣೆ’ ಎಂದು ಬರೆದುಕೊಟ್ಟು ಆಚೆಗೆ ಹೋಗಲು ಇಲ್ಲಿ ಯಾವ ಗೇಟೂ ಇಲ್ಲ. ಈ ಭೇದ ತಿಳಿಯದೆ ತೊಂದರೆಗೆ ಸಿಲುಕುವವರೇ ಹೆಚ್ಚು.

ಕಾಡು ಒಂದೇ, ಕಾಯ್ದೆ ಎರಡು

ನೋಡುವವರ ಕಣ್ಣಿಗೆ ಒಂದೇ ಹಸಿರು. ದಾಖಲೆಯಲ್ಲಿ ಅದು ಮೀಸಲು ಅರಣ್ಯವಾಗಿರಬಹುದು, ವನ್ಯಜೀವಿಧಾಮವಾಗಿರಬಹುದು, ರಾಷ್ಟ್ರೀಯ ಉದ್ಯಾನವಾಗಿರಬಹುದು, ಹುಲಿ ಸಂರಕ್ಷಿತ ಪ್ರದೇಶವೂ ಆಗಿರಬಹುದು. ಮೊದಲನೆಯದಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಅನ್ವಯಿಸುತ್ತದೆ. ಉಳಿದವುಗಳಿಗೆ ಅದರ ಜತೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅನ್ವಯಿಸುತ್ತದೆ.

ಅರಣ್ಯ ಕಾಯ್ದೆಯ 24ನೆಯ ಕಲಮು ಮೀಸಲು ಅರಣ್ಯದಲ್ಲಿ ಮಾಡಬಾರದವುಗಳನ್ನು ಹೇಳುತ್ತದೆ. ಬೆಂಕಿ ಹೊತ್ತಿಸುವುದು, ಮರ ಕಡಿಯುವುದು ಇತ್ಯಾದಿಗಳ ಸಾಲಿನಲ್ಲಿಯೇ ಅತಿಕ್ರಮ ಪ್ರವೇಶವೂ ಇದೆ. ಅಂದರೆ ಏನನ್ನೂ ಮುರಿಯದೆ, ಏನನ್ನೂ ಒಯ್ಯದೆ ಸುಮ್ಮನೆ ಒಳಗೆ ನಡೆದುಹೋದರೂ ಅದು ಅಪರಾಧವೇ. ಅರಣ್ಯಾಧಿಕಾರಿಯ ಅನುಮತಿ ಇದ್ದಾಗ ಮಾತ್ರ ವಿನಾಯಿತಿ. ಶಿಕ್ಷೆ ಸೆರೆವಾಸ ಅಥವಾ ದಂಡ ಅಥವಾ ಎರಡೂ ಆಗಬಹುದು. ಹಾನಿಯಾಗಿದ್ದರೆ ಪರಿಹಾರವನ್ನೂ ಕಟ್ಟಿಸಿಕೊಳ್ಳಬಹುದು. ರಾತ್ರಿ ಟೆಂಟು ಹಾಕಿ ಒಲೆ ಹೂಡಿ ಅಡುಗೆ ಮಾಡುವ ತಂಡಗಳು ಹೀಗೆ ಒಂದೇ ರಾತ್ರಿಯಲ್ಲಿ ಎರಡು ಅಪರಾಧ ಮಾಡಿರುತ್ತವೆ. ಬೇಸಿಗೆಯಲ್ಲಿ ಒಣಗಿದ ಹುಲ್ಲುಗಾವಲಿಗೆ ಒಂದು ಕಿಡಿ ಸಾಕಾದ್ದರಿಂದ ಫೆಬ್ರುವರಿಯಿಂದ ಮುಂದಿನ ತಿಂಗಳುಗಳಲ್ಲಿ ಅನೇಕ ಚಾರಣ ಪಥಗಳನ್ನು ಇಲಾಖೆ ಮುಚ್ಚುವುದು ವಾಡಿಕೆ. ಮುಚ್ಚಿದ ಅವಧಿಯಲ್ಲಿ ಹಳೆಯ ಟಿಕೆಟು ತೋರಿಸಿ ಉಪಯೋಗವಿಲ್ಲ.

ಅರಣ್ಯವೆಂದೊಡನೆ ಮಲೆನಾಡೇ ಆಗಬೇಕೆಂದಿಲ್ಲ ಎಂಬುದನ್ನು ವಿಜಯಪುರ ಜಿಲ್ಲೆಯ ಓದುಗರು ವಿಶೇಷವಾಗಿ ಗಮನಿಸಬೇಕು. ಬಬಲೇಶ್ವರ ತಾಲ್ಲೂಕಿನ ಮಮದಾಪುರದಲ್ಲಿ ಆದಿಲ್‌ಶಾಹಿ ಕಾಲದ ದೊಡ್ಡ ಕೆರೆಯಿರುವಂತೆ ಅರಣ್ಯ ಇಲಾಖೆಯ ಜಮೀನೂ ಇದೆ. ಮರಗಳು ವಿರಳವಾಗಿವೆ, ಬೇಲಿ ಇಲ್ಲ, ಫಲಕ ಬಿದ್ದುಹೋಗಿದೆ ಎಂಬ ಕಾರಣಕ್ಕೆ ಯಾವ ಜಾಗವೂ ಅರಣ್ಯವಲ್ಲದಾಗುವುದಿಲ್ಲ. ಮೀಸಲು ಅರಣ್ಯದ ಎಲ್ಲೆಯನ್ನು ಗೊತ್ತುಪಡಿಸುವುದು ರಾಜ್ಯಪತ್ರದಲ್ಲಿ ಪ್ರಕಟವಾದ ಅಧಿಸೂಚನೆ. ಫಲಕವು ಅದನ್ನು ನೆನಪಿಸುವ ಸೌಜನ್ಯ ಮಾತ್ರ.

ವನ್ಯಜೀವಿ ಕಾಯ್ದೆ ಇನ್ನಷ್ಟು ಬಿಗಿ. ಅದರ 27ನೆಯ ಕಲಮಿನ ಪ್ರಕಾರ ವನ್ಯಜೀವಿಧಾಮದೊಳಗೆ ಪ್ರವೇಶಿಸಲು ಹಕ್ಕಿರುವವರು ಕೆಲವರು ಮಾತ್ರ: ಕರ್ತವ್ಯದ ಮೇಲಿರುವ ಸರ್ಕಾರಿ ನೌಕರರು, ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕೃತ ಅಧಿಕಾರಿಯ ಪರವಾನಗಿ ಪಡೆದವರು, ಅಲ್ಲಿ ಸ್ಥಿರಾಸ್ತಿಯ ಹಕ್ಕುಳ್ಳವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು ಮತ್ತು ಮೊದಲು ಹೇಳಿದವರ ಅವಲಂಬಿತರು. ಪ್ರವಾಸಿಗರು ಬರುವುದು ಎರಡನೆಯ ಗುಂಪಿನಲ್ಲಿ. 28ನೆಯ ಕಲಮಿನಲ್ಲಿ ಅಧ್ಯಯನ, ಛಾಯಾಗ್ರಹಣ, ಪ್ರವಾಸ ಮುಂತಾದ ಉದ್ದೇಶಗಳಿಗೆ ಪರವಾನಗಿ ನೀಡಲು ಅವಕಾಶವಿದೆ. ಚಾರಣದ ಟಿಕೆಟು ಎಂದು ನಾವು ಕರೆಯುವುದು ಕಾನೂನಿನ ಕಣ್ಣಿನಲ್ಲಿ ಈ ಪರವಾನಗಿ. ಅದು ನಿರ್ದಿಷ್ಟ ದಿನಕ್ಕೆ, ನಿರ್ದಿಷ್ಟ ದಾರಿಗೆ ಕೊಟ್ಟದ್ದು. ದಾರಿ ಬಿಟ್ಟು ಪಕ್ಕದ ಕಣಿವೆಗೆ ಇಳಿದರೆ ಕೈಯಲ್ಲಿ ಟಿಕೆಟಿದ್ದೂ ಪರವಾನಗಿ ಇಲ್ಲದವರಾಗುತ್ತೀರಿ.

ಹೆದ್ದಾರಿಯ ವಿನಾಯಿತಿಯನ್ನು ಜನ ತಪ್ಪಾಗಿ ತಿಳಿದುಕೊಂಡಿರುವುದೇ ಹೆಚ್ಚು. ಕುದುರೆಮುಖದ ಮೂಲಕವೋ ಅಣಶಿಯ ಮೂಲಕವೋ ಹಾದುಹೋಗುವ ರಸ್ತೆಯಲ್ಲಿ ಸಾಗುವುದಕ್ಕೆ ಅಡ್ಡಿಯಿಲ್ಲ. ಕಾರು ನಿಲ್ಲಿಸಿ ಇಳಿದು ಹಳ್ಳದತ್ತ ನಡೆದರೆ ‘ಹಾದುಹೋಗುವವರು’ ಎಂಬ ರಕ್ಷಣೆ ಅಲ್ಲಿಗೇ ಮುಗಿಯಿತು. 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ವಾಹನದಿಂದಿಳಿದು ಕಾಡಾನೆಯ ಜತೆ ಸೆಲ್ಫಿ ತೆಗೆಯಹೋದವರೊಬ್ಬರನ್ನು ಆನೆ ಅಟ್ಟಿಸಿಕೊಂಡು ಬಂದು ಕೆಡವಿದ ದೃಶ್ಯ ದೇಶವೆಲ್ಲ ನೋಡಿತು. ಅವರು ಬದುಕಿ ಉಳಿದದ್ದೇ ಅದೃಷ್ಟ. ಬಳಿಕ ಅರಣ್ಯ ಇಲಾಖೆ ವಿಧಿಸಿದ ದಂಡ 25 ಸಾವಿರ ರೂಪಾಯಿ.

ಶಿಕ್ಷೆಯ ಪ್ರಮಾಣ 51ನೆಯ ಕಲಮಿನಲ್ಲಿದೆ. ಪ್ರತ್ಯೇಕ ಶಿಕ್ಷೆ ನಿಗದಿಯಾಗದ ಉಲ್ಲಂಘನೆಗಳಿಗೆ ಮೂರು ವರ್ಷಗಳವರೆಗೆ ಸೆರೆವಾಸ, ದಂಡ ಅಥವಾ ಎರಡೂ. ಹಿಂದೆ ದಂಡದ ಮಿತಿ 25 ಸಾವಿರ ರೂಪಾಯಿ ಇತ್ತು. 2022ರ ತಿದ್ದುಪಡಿ ಅದನ್ನು ಒಂದು ಲಕ್ಷಕ್ಕೆ ಏರಿಸಿತು. ಈ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 35ನೆಯ ಕಲಮಿನ ಮೂಲಕ ಇದೇ ಪ್ರವೇಶ ನಿರ್ಬಂಧ ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯಿಸುತ್ತದೆ. ವಿಜಯಪುರದವರಿಗೆ ಸಮೀಪದ ಕಾಡುಗಳ ಪೈಕಿ ಖಾನಾಪುರದ ಭೀಮಗಡ 2011ರಲ್ಲಿ ಘೋಷಿತವಾದ ವನ್ಯಜೀವಿಧಾಮ. ದಾಂಡೇಲಿ-ಅಣಶಿ ಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಎರಡೂ ಕಡೆ ಜಲಪಾತಗಳ ಹೆಸರು ಹೇಳಿ ಗುಂಪು ಕಟ್ಟುವ ಜಾಹೀರಾತುಗಳು ಮೊಬೈಲಿನಲ್ಲಿ ಹರಿದಾಡುತ್ತವೆ. ಹಣ ಪಡೆದು ಕರೆದೊಯ್ಯುವವರ ಬಳಿ ಪರವಾನಗಿ ಇಲ್ಲದಿದ್ದರೆ ಅಪರಾಧ ಅವರದಷ್ಟೇ ಅಲ್ಲ, ಹಿಂದೆ ನಡೆದ ಪ್ರತಿಯೊಬ್ಬರದೂ ಹೌದು.

ಕುಮಾರಪರ್ವತದ ಜಂಗುಳಿಯ ನಂತರ

ಚಾರಣದ ನಿಯಮಗಳು ಇಂದಿನ ಸ್ವರೂಪಕ್ಕೆ ಬರಲು ನಿಮಿತ್ತವಾದದ್ದು 2024ರ ಜನವರಿ. ಗಣರಾಜ್ಯೋತ್ಸವದ ರಜೆಯಲ್ಲಿ ಪುಷ್ಪಗಿರಿ ವನ್ಯಜೀವಿಧಾಮದ ಕುಮಾರಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದರು. ಜಾತ್ರೆಯ ರಥಬೀದಿಯಂತೆ ತುಂಬಿದ ಕಾಲುದಾರಿಯ ಚಿತ್ರಗಳು ಎಲ್ಲೆಡೆ ಹರಡಿದವು. ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಆನ್‌ಲೈನ್ ಕಾಯ್ದಿರಿಸುವಿಕೆ ಇಲ್ಲದ ಪಥಗಳಲ್ಲಿ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಲು ಸೂಚಿಸಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಎಂಬ ಜಾಲತಾಣ ಆರಂಭವಾಯಿತು. ಒಂದು ಪಥಕ್ಕೆ ದಿನಕ್ಕೆ 300 ಜನರಿಗಿಂತ ಹೆಚ್ಚು ಬಿಡಬಾರದೆಂಬ ಮಿತಿಯೂ ಬಂತು. ಹೆಸರು ನೋಂದಾಯಿಸಿದವರೇ ಗುರುತಿನ ಚೀಟಿಯೊಂದಿಗೆ ಹೋಗಬೇಕು.

ಈ ವ್ಯವಸ್ಥೆಯ ಮೇಲೆ ದೂರುಗಳಿಲ್ಲದಿಲ್ಲ. ದೀರ್ಘ ರಜೆಯಲ್ಲಿ ಟಿಕೆಟು ಸಿಗುವುದು ಕಷ್ಟ. ದೂರದ ಜಿಲ್ಲೆಯವರು ಹಿಂದಿನ ದಿನ ತೀರ್ಮಾನಿಸಿ ಹೊರಡುವಂತಿಲ್ಲ. ಆದರೆ ಇದರಿಂದಾದ ಒಂದು ಅನುಕೂಲ ಹೆಚ್ಚು ಚರ್ಚೆಗೆ ಬಂದಿಲ್ಲ. ಬೆಳಗ್ಗೆ ಎಷ್ಟು ಜನ ಏರಿದರು, ಯಾರು ಯಾರು ಎಂಬ ಪಟ್ಟಿ ಕೆಳಗಿನ ತಪಾಸಣಾ ಠಾಣೆಯಲ್ಲಿರುತ್ತದೆ. ಸಂಜೆ ಒಬ್ಬರು ಇಳಿಯದಿದ್ದರೆ ಹುಡುಕಬೇಕೆಂಬ ಸಂಗತಿ ಯಾರಿಗಾದರೂ ಗೊತ್ತಾಗುತ್ತದೆ. ಕಳ್ಳದಾರಿಯಿಂದ ಏರಿದವರ ಹೆಸರು ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ.

ದೂಧಸಾಗರ: ಹಳಿಯ ಮೇಲೆ ಇನ್ನೊಂದು ಕಾನೂನು

ಉತ್ತರ ಕರ್ನಾಟಕದ ಚಾರಣಿಗರು ಹೆಚ್ಚು ಮಂದಿ ಗಡಿ ದಾಟುವ ಜಾಗ ಒಂದಿದ್ದರೆ ಅದು ದೂಧಸಾಗರ. ಜಲಪಾತವಿರುವುದು ಗೋವಾದಲ್ಲಿ, ಭಗವಾನ್ ಮಹಾವೀರ ವನ್ಯಜೀವಿಧಾಮದ ವ್ಯಾಪ್ತಿಯಲ್ಲಿ. ಆದರೆ ನಮ್ಮವರ ದಾರಿ ಜೊಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್‌ನಿಂದ. ರೈಲಿನಲ್ಲಿ ಬಂದಿಳಿದು ಹಳಿಯ ಗುಂಟ ಇಳಿಜಾರಿನಲ್ಲಿ ನಡೆಯುತ್ತ, ಒಂದರ ಹಿಂದೊಂದು ಸುರಂಗ ದಾಟುತ್ತ ಜಲಪಾತದೆದುರಿನ ಸೇತುವೆ ತಲುಪುವುದು ಬಹುಕಾಲ ರೂಢಿಯಲ್ಲಿದ್ದ ‘ಟ್ರೆಕ್ಕಿಂಗ್’. ಅದು ಎಂದೂ ಅನುಮತಿಯಿದ್ದ ದಾರಿಯಾಗಿರಲಿಲ್ಲ. ರೂಢಿಯಾಗಿತ್ತು, ಅಷ್ಟೆ.

ಈ ಘಟ್ಟ ವಿಭಾಗದ ಇಳಿಜಾರು ದೇಶದ ಕಡಿದಾದ ರೈಲು ಮಾರ್ಗಗಳಲ್ಲೊಂದು, 37 ಅಡಿ ಸಾಗಿದರೆ ಒಂದು ಅಡಿ ಇಳಿತ. ತೂಕದ ಗೂಡ್ಸು ರೈಲುಗಳಿಗೆ ಹೆಚ್ಚುವರಿ ಎಂಜಿನ್ ಜೋಡಿಸಿ ಓಡಿಸುವ ಜಾಗವಿದು. ಮೇಲಿನಿಂದ ಇಳಿಯುವ ರೈಲಿಗೆ ತಿರುವಿನಾಚೆ ಹಳಿಯ ಮೇಲೆ ಯಾರೋ ಇದ್ದಾರೆಂದು ಕಂಡರೂ ಕೂಡಲೇ ನಿಲ್ಲಲಾಗುವುದಿಲ್ಲ. ಸುರಂಗದೊಳಗೆ ಗೋಡೆಗೂ ಬೋಗಿಗೂ ನಡುವೆ ಉಳಿಯುವ ಜಾಗ ಎಷ್ಟೆಂಬುದನ್ನು ಕಿಟಕಿಯಿಂದ ಕೈ ಹೊರಚಾಚಬಾರದೆಂದು ಕಲಿತವರಿಗೆಲ್ಲ ಊಹಿಸಬಹುದು. ಮಳೆಗಾಲದಲ್ಲಿ ನೀರಿನ ಭೋರ್ಗರೆತದ ನಡುವೆ ರೈಲಿನ ಸದ್ದೇ ಕೇಳದು.

1989ರ ರೈಲ್ವೆ ಕಾಯ್ದೆಯ 147ನೆಯ ಕಲಮು ಅನುಮತಿಯಿಲ್ಲದೆ ರೈಲ್ವೆ ಪ್ರದೇಶದೊಳಗೆ ಪ್ರವೇಶಿಸುವುದಕ್ಕೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಒಂದು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ಹೇಳುತ್ತದೆ. ವಿಶೇಷ ಕಾರಣವಿಲ್ಲದಿದ್ದರೆ ದಂಡ ಐನೂರು ರೂಪಾಯಿಗಿಂತ ಕಡಿಮೆಯಾಗುವಂತಿಲ್ಲ. ನ್ಯಾಯವಾಗಿ ಒಳಬಂದವರು ಹೊರಗೆ ಹೋಗೆಂದಾಗ ಹೋಗದಿದ್ದರೂ ಇದೇ ಕಲಮು. ಬೋಗಿಯ ಮೆಟ್ಟಿಲ ಮೇಲೆ ನಿಂತು ಅಥವಾ ಮೇಲ್ಛಾವಣಿ ಏರಿ ಪ್ರಯಾಣಿಸುವುದಕ್ಕೆ 156ನೆಯ ಕಲಮಿನಲ್ಲಿ ಮೂರು ತಿಂಗಳವರೆಗೆ ಸೆರೆವಾಸ, 500 ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ.

2023ರ ಜುಲೈ ಮಧ್ಯಭಾಗದ ಒಂದು ಭಾನುವಾರ ಈ ಕಾನೂನು ಇದ್ದಕ್ಕಿದ್ದಂತೆ ಎಲ್ಲರ ಬಾಯಿಗೆ ಬಂತು. ಜಲಪಾತಕ್ಕೆಂದು ಬಂದ ನೂರಾರು ಜನರನ್ನು ತಡೆಯಲಾಯಿತು. ಹಳಿಯ ಪಕ್ಕ ಸಾಲಾಗಿ ನಿಂತ ತರುಣರು ಕಿವಿ ಹಿಡಿದು ಬಸ್ಕಿ ಹೊಡೆಯುತ್ತಿದ್ದ ದೃಶ್ಯ ಹರಿದಾಡಿತು. ಜಲಪಾತದ ಸೊಬಗನ್ನು ಬೋಗಿಯ ಒಳಗಿನಿಂದಲೇ ಸವಿಯಿರಿ ಎಂದು ನೈಋತ್ಯ ರೈಲ್ವೆ ಕೇಳಿಕೊಂಡಿತು. ಅದೇ ವಾರದಲ್ಲಿ ಗೋವಾ ಸರ್ಕಾರ ಅಲ್ಲಿನ ಅಭಯಾರಣ್ಯಗಳ ಜಲಪಾತಗಳಿಗೆ ಪ್ರವೇಶ ನಿರ್ಬಂಧಿಸಿತ್ತು. ಮಳೆಗಾಲ ಮುಗಿದ ಮೇಲೆ ಗೋವಾದ ಕುಳೆಂ ಕಡೆಯಿಂದ ಅರಣ್ಯದ ಅನುಮತಿಯ ಜೀಪುಗಳಲ್ಲಿ ಹೋಗುವುದು ಕ್ರಮಬದ್ಧವಾದ ದಾರಿ.

ದಂಡದ ಮೊತ್ತ ಸಾವಿರ ರೂಪಾಯಿಯಷ್ಟೇ ಎಂದು ಹಗುರವಾಗಿ ಕಾಣುವವರು ಕಾಯ್ದೆಯ ಇನ್ನೊಂದು ಬದಿಯನ್ನು ನೋಡಬೇಕು. ರೈಲು ಪ್ರಯಾಣದಲ್ಲಿ ಅವಘಡಕ್ಕೊಳಗಾದವರಿಗೆ ತಪ್ಪು ಯಾರದೆಂದು ಸಾಬೀತುಪಡಿಸುವ ಗೊಡವೆಯಿಲ್ಲದೆ ಪರಿಹಾರ ಕೊಡುವುದು 124-ಎ ಕಲಮು. ಅದರ ಲಾಭ ಪ್ರಯಾಣಿಕರಿಗೆ ಮಾತ್ರ. ಹಳಿಯ ಮೇಲೆ ನಡೆಯುತ್ತಿದ್ದು ರೈಲಿಗೆ ಸಿಕ್ಕವರು ಪ್ರಯಾಣಿಕರ ವ್ಯಾಖ್ಯೆಯೊಳಗೆ ಬರುವುದಿಲ್ಲ. ಮನೆಯವರು ಪರಿಹಾರಕ್ಕೆ ಅರ್ಜಿ ಹಾಕಿದಾಗ ಮೊದಲು ಎದುರಾಗುವ ಪ್ರಶ್ನೆಯೇ ಇದು.

ಜಲಪಾತ ಮತ್ತು ಜಿಲ್ಲಾಧಿಕಾರಿ ಆದೇಶ

ಇನ್ನು ಕೆಲವು ಗಡಿಗಳು ಋತುಮಾನದವು. ಮಳೆಗಾಲದಲ್ಲಿ ಜಿಲ್ಲಾಡಳಿತ ಆದೇಶ ಹೊರಡಿಸಿ ಜಲಪಾತ, ಬೆಟ್ಟದಂಚು, ನದಿತೀರಗಳಿಗೆ ಪ್ರವೇಶ ನಿಷೇಧಿಸುತ್ತದೆ. ಆದೇಶ ಹಿಂದೆಗೆದ ಮೇಲೆ ಗಡಿಯೂ ಇಲ್ಲ. ಹಿಂದೆ 144ನೆಯ ಕಲಮು ಎಂದು ಕರೆಯುತ್ತಿದ್ದ ಅಧಿಕಾರ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಕಲಮಾಗಿದೆ. ಇಂಥ ಆದೇಶವನ್ನು ತಿಳಿದೂ ಮೀರಿದರೆ ಭಾರತೀಯ ನ್ಯಾಯ ಸಂಹಿತೆಯ 223ನೆಯ ಕಲಮಿನಂತೆ ಆರು ತಿಂಗಳವರೆಗೆ ಸಾದಾ ಸೆರೆವಾಸ ಅಥವಾ 2,500 ರೂಪಾಯಿವರೆಗೆ ದಂಡ ಅಥವಾ ಎರಡೂ. ಮೀರಿದ್ದರಿಂದ ಮನುಷ್ಯ ಜೀವಕ್ಕೆ ಅಪಾಯವಾಗುವಂತಿದ್ದರೆ ಮಿತಿ ಒಂದು ವರ್ಷ ಮತ್ತು 5,000 ರೂಪಾಯಿ.

ತಂಡ ಕಟ್ಟಿಕೊಂಡು ಹೋಗುವ ಆಯೋಜಕರು ಅರಿತಿರಬೇಕಾದ ಕಲಮುಗಳು ಬೇರೆ. ಇತರರ ಜೀವಕ್ಕೆ ಅಪಾಯವಾಗುವಂತೆ ದುಡುಕಿನಿಂದ ನಡೆದುಕೊಂಡರೆ 125ನೆಯ ಕಲಮು ಅನ್ವಯಿಸಬಹುದು. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ 106ನೆಯ ಕಲಮಿನಡಿ ಐದು ವರ್ಷಗಳವರೆಗೆ ಸೆರೆವಾಸವಿದೆ. ಹಳೆಯ ದಂಡ ಸಂಹಿತೆಯಲ್ಲಿ ಇದು ಎರಡು ವರ್ಷವಿತ್ತು. ‘ನಾವು ಬರಿಯ ವಾಟ್ಸ್‌ಆ್ಯಪ್ ಗುಂಪು, ಸಂಸ್ಥೆಯಲ್ಲ’ ಎಂಬ ವಾದ ಇಲ್ಲಿ ನಿಲ್ಲುವುದು ಕಷ್ಟ.

2023ರ ಜುಲೈನಲ್ಲಿ ಕೊಲ್ಲೂರಿನ ಬಳಿಯ ಅರಶಿನಗುಂಡಿ ಜಲಪಾತದಲ್ಲಿ ಬಂಡೆಯಂಚಿನಲ್ಲಿ ನಿಂತಿದ್ದ ಯುವಕ, ಗೆಳೆಯ ವಿಡಿಯೊ ಮಾಡುತ್ತಿರುವಾಗಲೇ ಕಾಲು ಜಾರಿ ನೀರುಪಾಲಾದರು. ಶವ ಸಿಗಲು ಒಂದು ವಾರ ಹಿಡಿಯಿತು. ಆ ಒಂದು ವಾರ ಉಕ್ಕುವ ಹೊಳೆಗೆ ಹಗ್ಗ ಕಟ್ಟಿಕೊಂಡು ಇಳಿದವರೂ ಯಾರದೋ ಮನೆಯ ಮಕ್ಕಳೇ.

ಊರೊಳಗಿನ ಗಡಿ

ಗಡಿ ದಾಟಲು ವಿಜಯಪುರದವರು ಘಟ್ಟಕ್ಕೇ ಹೋಗಬೇಕಾಗಿಲ್ಲ. ಗೋಳಗುಮ್ಮಟ, ಇಬ್ರಾಹಿಂ ರೋಜಾ ಮೊದಲಾದವು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಿತ ಸ್ಮಾರಕಗಳು. ಇವುಗಳಿಗೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಮತ್ತು 1959ರ ನಿಯಮಗಳು ಅನ್ವಯಿಸುತ್ತವೆ. ತೆರೆದಿರದ ವೇಳೆಯಲ್ಲಿ ಒಳಹೊಕ್ಕರೆ, ಅನುಮತಿಯಿಲ್ಲದ ಜಾಗದಲ್ಲಿ ಅಡುಗೆ ಮಾಡಿದರೆ, ವಾಹನ ಅಥವಾ ಪ್ರಾಣಿಗಳನ್ನು ಒಳತಂದರೆ ನಿಯಮದಂತೆ ಐನೂರು ರೂಪಾಯಿವರೆಗೆ ದಂಡ. ಆದರೆ ಒಳಹೊಕ್ಕವರು ಗೋಡೆಯ ಮೇಲೆ ಹೆಸರು ಕೆತ್ತಿದರೆ ಪ್ರಕರಣ ನಿಯಮದಿಂದ ಕಾಯ್ದೆಗೆ ಏರುತ್ತದೆ. 30ನೆಯ ಕಲಮಿನ ಪ್ರಕಾರ ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡುವುದು, ವಿರೂಪಗೊಳಿಸುವುದು, ಅಪಾಯಕ್ಕೊಡ್ಡುವುದು ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡಕ್ಕೂ ಗುರಿಯಾಗುವ ಅಪರಾಧ. 2010ರ ತಿದ್ದುಪಡಿಗೆ ಮುಂಚೆ ಇದು ಮೂರು ತಿಂಗಳು ಮತ್ತು ಐದು ಸಾವಿರ ರೂಪಾಯಿಯಷ್ಟೇ ಇತ್ತು. ಗುಮ್ಮಟದ ಪಿಸುಗುಟ್ಟುವ ಗ್ಯಾಲರಿಗೆ ಏರುವ ಸುರುಳಿ ಮೆಟ್ಟಿಲುಗಳ ಗೋಡೆಗಳಲ್ಲಿ ತಮ್ಮ ಪ್ರೀತಿಯನ್ನು ಅಮರಗೊಳಿಸಹೊರಟವರಿಗೆ ಈ ಲೆಕ್ಕ ತಿಳಿದಿರಲಿಕ್ಕಿಲ್ಲ.

ಖಾಸಗಿ ಜಮೀನಿನ ವಿಷಯದಲ್ಲಿ ಕಾನೂನು ತುಸು ಮೆತ್ತಗೆ. ಚಿಕ್ಕಮಗಳೂರಿನ ಕಾಫಿ ತೋಟವಾಗಲಿ ತಿಕೋಟಾದ ದ್ರಾಕ್ಷಿ ಪಡವಾಗಲಿ, ದಾರಿ ತಪ್ಪಿ ಒಳಬಂದ ಮಾತ್ರಕ್ಕೆ ಕ್ರಿಮಿನಲ್ ಅಪರಾಧವಾಗುವುದಿಲ್ಲ. ಅಪರಾಧವೆಸಗುವ ಇಲ್ಲವೆ ಮಾಲೀಕರನ್ನು ಬೆದರಿಸುವ, ಅವಮಾನಿಸುವ, ಕಾಡುವ ಉದ್ದೇಶವಿರಬೇಕು. ಹಾಗಿದ್ದರೆ ನ್ಯಾಯ ಸಂಹಿತೆಯ 329ನೆಯ ಕಲಮಿನಂತೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಹೋಗೆಂದರೂ ಹೋಗದೆ ಜಗಳಕ್ಕೆ ನಿಂತವರು ಈ ಉದ್ದೇಶಕ್ಕೆ ತಾವೇ ಸಾಕ್ಷ್ಯ ಒದಗಿಸಿದಂತೆ.

ಕಾನೂನಿನಲ್ಲಿಲ್ಲದ ಶಿಕ್ಷೆ

ಬಸ್ಕಿ ಹೊಡೆಸುವುದು ಯಾವ ಕಾಯ್ದೆಯಲ್ಲಿಯೂ ಇಲ್ಲ. 2024ರ ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯ ಜಾರುಬಂಡೆಗಳ ಮೇಲೆ ನೀರಾಟಕ್ಕಿಳಿದವರ ಬಟ್ಟೆಗಳನ್ನು ಪೊಲೀಸರು ಎತ್ತಿಕೊಂಡು ಹೋದ ಸುದ್ದಿ ಓದಿ ನಕ್ಕವರು ಬಹಳ. ಅದೂ ಯಾವ ಕಲಮಿನಲ್ಲಿಯೂ ಬರೆದಿಲ್ಲ. ನಾಲ್ಕು ಜನ ಸಿಬ್ಬಂದಿ ನಾನೂರು ಜನರನ್ನು ತಡೆಯಬೇಕಾದಾಗ ಇಂಥ ಉಪಾಯಗಳು ಹುಟ್ಟುತ್ತವೆ ಎಂಬುದು ಅರ್ಥವಾಗುವ ಮಾತು. ಆದರೂ ಶಿಕ್ಷೆ ವಿಧಿಸುವುದು ನ್ಯಾಯಾಲಯದ ಕೆಲಸ. ಅವಮಾನವನ್ನೇ ಶಿಕ್ಷೆಯಾಗಿಸಿ ಅದನ್ನು ಮೊಬೈಲಿನಲ್ಲಿ ಹಂಚುವ ಪದ್ಧತಿಯಿಂದ ನಿಯಮದ ಗೌರವ ಹೆಚ್ಚುವುದೆಂದು ಹೇಳಲಾಗದು. ತಮಾಷೆ ಮರೆತುಹೋಗುತ್ತದೆ, ಮುಂದಿನ ಭಾನುವಾರ ಹೊಸ ತಂಡ ಬರುತ್ತದೆ.

ಸ್ಥಳದಲ್ಲಿಯೇ ಹಣ ಕಟ್ಟಿಸಿಕೊಳ್ಳುವುದಕ್ಕೆ ಮಾತ್ರ ಕಾನೂನಿನ ಆಧಾರವಿದೆ. ವನ್ಯಜೀವಿ ಕಾಯ್ದೆಯ 54ನೆಯ ಕಲಮಿನಡಿ ಅಧಿಕಾರ ಪಡೆದ ಅಧಿಕಾರಿ ಕೆಲವು ಅಪರಾಧಗಳನ್ನು ಹಣ ಪಡೆದು ರಾಜಿ ಮಾಡಬಹುದು. ಹಣ ಕಟ್ಟಿದ ಮೇಲೆ ಆ ಅಪರಾಧದ ಬಗ್ಗೆ ಮುಂದಿನ ಕ್ರಮ ಇರುವುದಿಲ್ಲ. ಕನಿಷ್ಠ ಸೆರೆವಾಸ ನಿಗದಿಯಾಗಿರುವ ಅಪರಾಧಗಳಿಗೆ ಈ ಸೌಲಭ್ಯವಿಲ್ಲ. ಎಲ್ಲ ಸಿಬ್ಬಂದಿಗೂ ಈ ಅಧಿಕಾರವಿರುವುದಿಲ್ಲ ಎಂಬುದು ಇಲ್ಲಿ ಮುಖ್ಯ. ಹಣ ಕಟ್ಟಿದವರು ರಸೀದಿ ಕೇಳಿ ಪಡೆಯಬೇಕು. ರಸೀದಿಯಿಲ್ಲದ ದಂಡ ದಂಡವಲ್ಲ. ಇನ್ನು 50ನೆಯ ಕಲಮು ಅಧಿಕಾರಿಗಳಿಗೆ ಪರವಾನಗಿ ತೋರಿಸುವಂತೆ ಕೇಳುವ, ಚೀಲ ಮತ್ತು ವಾಹನ ತಪಾಸಿಸುವ, ಅಪರಾಧಕ್ಕೆ ಬಳಸಿದ ಸಾಮಗ್ರಿಯನ್ನು ಜಪ್ತಿ ಮಾಡುವ ಅಧಿಕಾರ ಕೊಟ್ಟಿದೆ. ಜಪ್ತಿಯಾದ ಜೀಪು ಬಿಡಿಸಿಕೊಳ್ಳಲು ನ್ಯಾಯಾಲಯಕ್ಕೆ ಅಲೆಯುವ ಖರ್ಚು ದಂಡಕ್ಕಿಂತ ಹೆಚ್ಚಾದೀತು.

ದಾರಿ ತಪ್ಪಿದಾಗ

ಈ ನಿಯಮಗಳ ಅತಿ ಕೆಟ್ಟ ಪರಿಣಾಮ ಕಾಣಿಸುವುದು ಅನುಮತಿಯಿಲ್ಲದೆ ಹೋದವರು ದಾರಿ ತಪ್ಪಿದಾಗ. ಕರೆ ಮಾಡಿದರೆ ಪ್ರಕರಣ ದಾಖಲಾದೀತೆಂಬ ಭಯಕ್ಕೆ ‘ಇನ್ನೊಂದು ತಾಸು ನಾವೇ ಹುಡುಕೋಣ’ ಎನ್ನುತ್ತಾರೆ. ಅಷ್ಟರಲ್ಲಿ ಕತ್ತಲಾಗುತ್ತದೆ, ಮೊಬೈಲಿನ ಬ್ಯಾಟರಿ ಮುಗಿಯುತ್ತದೆ. ಅತಿಕ್ರಮ ಪ್ರವೇಶದ ಶಿಕ್ಷೆ, ತಡವಾಗಿ ಕರೆದರೂ ಬೇಗ ಕರೆದರೂ ಒಂದೇ. ತಡದಿಂದ ಬದಲಾಗುವುದು ಬದುಕುವ ಸಂಭವ ಮಾತ್ರ.

ತುರ್ತು ಸಹಾಯವಾಣಿ 112. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲಕ್ಕೂ ಇದೊಂದೇ ಸಂಖ್ಯೆ. ತಮ್ಮ ಸಿಮ್‌ನ ಕಂಪನಿಯ ಸಂಕೇತ ಇಲ್ಲದಿದ್ದರೂ ಬೇರೆ ಕಂಪನಿಯ ಸಂಕೇತ ಲಭ್ಯವಿದ್ದರೆ ಕರೆ ಹೋಗಬಹುದಾದ್ದರಿಂದ ಪ್ರಯತ್ನಿಸದೆ ಬಿಡಬಾರದು. ಕರೆ ಸಿಕ್ಕಾಗ ಏರಲು ಆರಂಭಿಸಿದ ಊರು, ಕೊನೆಗೆ ಕಂಡ ಗುರುತು, ಜನರ ಸಂಖ್ಯೆ, ಗಾಯಾಳುಗಳ ಸ್ಥಿತಿ, ಬ್ಯಾಟರಿ ಎಷ್ಟಿದೆ ಎಂಬಿಷ್ಟನ್ನು ಮೊದಲು ಹೇಳಬೇಕು. ಹೇಳಿದ ಮೇಲೆ ಆ ಜಾಗ ಬಿಟ್ಟು ಕದಲಬಾರದು. ಅನುಮತಿ ಪಡೆಯದೆ ಹೋಗಿದ್ದರೆ ಅದನ್ನೂ ಮುಚ್ಚಿಡದೆ ಹೇಳಬೇಕು. ಯಾವ ಕಡೆಯಿಂದ ಕಾಡು ಹೊಕ್ಕರೆಂಬುದು ತಿಳಿಯದಿದ್ದರೆ ಹುಡುಕುವವರು ಬೇರೆಯದೇ ದಾರಿ ಹಿಡಿದುಹೋಗುತ್ತಾರೆ.